ಮಾತು ಹೇಳಿಕೊಡುವ ಸುಭಾಷಿಣಿ

ಕಡಿಯಾಳಿಯ ಓಣಿಯಲ್ಲಿ ಆ ವರ್ಷವಿಡೀ ಕೆಂಪುಕಲ್ಲು ಕೆತ್ತುವ ಸದ್ದು. ಹೊಲಿಗೆ ಯಂತ್ರದ ಮುಂದೆ ಕೂತ ಸುಭಾಷಿಣಿಗೆ ಅದು ಹಿತವಾಗಿ ಕೇಳಿಸುತ್ತಿತ್ತು. ನಾಟಕ ಸಂಘದ ಸ್ವಂತ ರಂಗಮಂದಿರ ಏಳುತ್ತಿತ್ತು. ಅದರ ಮೊದಲ ನಾಟಕದ ರಾಣಿ ಅವಳೇ ಎಂದು ಅಧ್ಯಕ್ಷ ಕೃಷ್ಣರಾಜ ಮಾತು ಕೊಟ್ಟಿದ್ದ.

ಸಂಘ ಹುಟ್ಟಿದ್ದು ಎಪ್ಪತ್ತೊಂದರಲ್ಲಿ, ಕೊಯ್ಲಾದ ಗದ್ದೆಯಲ್ಲಿ ಹಾಕಿದ ತೆಂಗಿನ ಮಡಲಿನ ಚಪ್ಪರದಲ್ಲಿ. ಆಗ ರಾಣಿ ಎಂದರೆ ಮೀಸೆ ಬೋಳಿಸಿಕೊಂಡ ರಘುಪತಿ. ಆಮೇಲೆ ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮು ಸಿಕ್ಕಿತು. ಅಲ್ಲಿ ತೌಡಿನ ಧೂಳಿಗೆ ಕೆಮ್ಮುತ್ತ, ಪಕ್ಕದ ಪರದೆಯ ಮರೆಯಲ್ಲಿ ನಿಂತು ಸುಭಾಷಿಣಿ ನಟರಿಗೆ ಮಾತು ಹೇಳಿಕೊಡಲು ಶುರುಮಾಡಿದಳು. ಕೃಷ್ಣರಾಜನಂತೂ ಒಂದು ನಾಟಕವನ್ನೂ ಬಾಯಿಪಾಠ ಮಾಡಿದವನಲ್ಲ. ಅವಳು ಪಿಸುಗುಟ್ಟಿದ್ದನ್ನು ಗುಡುಗುತ್ತಿದ್ದ, ಚಪ್ಪಾಳೆ ಅವನಿಗೆ. ಅವಳು ಪಾತ್ರ ಕೇಳಿದಾಗೆಲ್ಲ, “ಹೊಸ ಮಂದಿರ ಆಗಲಿ ಮಾರಾಯ್ತಿ” ಎನ್ನುತ್ತಿದ್ದ.

ಎಂಬತ್ತೈದರಲ್ಲಿ ಮಂದಿರವಾಯಿತು. ರಾಣಿ ಮಾತ್ರ ಮಂಗಳೂರಿನಿಂದ ಬಂದಳು.

“ಕೃಷ್ಣರಾಜಣ್ಣ, ನೀವು ನನಗೆ ಹೇಳಿದ್ದು?”

“ಎಂತ ಹೇಳಿದ್ದು? ನಿನಗೆ ಮೂವತ್ತೈದು ದಾಟಿತು ಅಲ್ವಾ? ರಾಣಿಯ ಅಜ್ಜಿಯ ಪಾತ್ರ ಇದ್ದಿದ್ದರೆ ಕೊಡುತ್ತಿದ್ದೆ.”

ಸುತ್ತಲಿದ್ದವರು ನಕ್ಕರು. ಈಗ ಬಣ್ಣ ಹಚ್ಚುವ ಕೆಲಸದಲ್ಲಿದ್ದ ರಘುಪತಿ ಮಾತ್ರ, “ನಾನು ನಲವತ್ತರವರೆಗೆ ನಿನ್ನ ರಾಣಿಯಾಗಿದ್ದೆ ಮಾರಾಯ, ಆಗ ನಿನಗೆ ಕಣ್ಣು ಕಾಣುತ್ತಿರಲಿಲ್ವಾ?” ಎಂದ.

ಸುಭಾಷಿಣಿಯೂ ನಕ್ಕಳು. ಒಂದು ದಿನವೂ ತಪ್ಪದೆ ತಾಲೀಮಿಗೆ ಬಂದಳು. ಕೃಷ್ಣರಾಜ ಅಪರೂಪಕ್ಕೆ ಮಾತು ಕಲಿಯಲು ಕೂತರೆ ತಾನೇ ತಡೆಯುತ್ತಿದ್ದಳು: “ನಿಮಗೆ ಯಾಕೆ ಕಷ್ಟ? ನಾನಿಲ್ವಾ?” ಮನೆಗೆ ಬಂದು, ನೂಲನ್ನು ಹಲ್ಲಿನಲ್ಲಿ ಕಡಿಯುತ್ತ ಆ ದಿನಕ್ಕೆ ಕಾದಳು.

ಉದ್ಘಾಟನೆಯ ಸಂಜೆ ಕಾಪು, ಕಾರ್ಕಳದಿಂದಲೂ ಜನ ಬಂದಿದ್ದರು. ಎದುರು ಸಾಲಿನಲ್ಲಿ ಕೃಷ್ಣರಾಜನ ಹೊಸ ಬೀಗರು. ಸಿಂಹಾಸನದಿಂದ ಎದ್ದ ರಾಜ ಎಂದಿನಂತೆ ಪಕ್ಕದ ಪರದೆಗೆ ಕಿವಿಗೊಟ್ಟ.

“ಶತ್ರು ಗಡಿ ದಾಟಿದ್ದಾನೆ,” ಅವಳು ಪಿಸುಗುಟ್ಟಿದಳು. “ನಾವೀಗ...”

“ಶತ್ರು ಗಡಿ ದಾಟಿದ್ದಾನೆ! ನಾವೀಗ!” ಅವನು ಗುಡುಗಿದ.

ಅವಳು ಅಲ್ಲಿಗೇ ನಿಲ್ಲಿಸಿದಳು. ಎತ್ತಿದ ಕೈ ಇಳಿಸಲಾರದೆ ಅವನು ಕಾದ. “ನಾವೀಗ...” ಎಂದ ಮತ್ತೆ.

“ಊಟಕ್ಕೆ ಹೋಗುವಾ?” ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು, ಬೀಗರೂ ನಕ್ಕರು. ಅವನ ಮುಖದ ಬಣ್ಣದಲ್ಲಿ ಬೆವರು ಗೆರೆ ಬಿಡಿಸುತ್ತ ಇಳಿಯುವುದನ್ನು ಸುಭಾಷಿಣಿ ಕಣ್ತುಂಬ ನೋಡಿದಳು.

“ಮುಂದೆ ಎಂತ, ಸುಭಾಷಿಣಿ? ದಮ್ಮಯ್ಯ, ಹೇಳು.” ತುಟಿ ಅಲುಗಿಸದೆ ಅವನು ಬೇಡಿದ.

“ಮುಂದಿನದು ನೀವೇ ನೋಡಿಕೊಳ್ಳಿ ಕೃಷ್ಣರಾಜಣ್ಣ, ನಾನು ಇನ್ನು” ಎನ್ನುತ್ತಲೇ ಅವಳು ಚಪ್ಪಲಿ ಮೆಟ್ಟಿ, ಹಿಂಬಾಗಿಲಿನ ಮೆಟ್ಟಿಲಿಳಿದು, ಓಣಿಯ ಕಡೆಗೆ...