ಖಂಡೇನವಮಿಗೆ ತುಂಬಿದ ಬಾಟಲಿಗಳು

ಈ ಮಾತನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ನಿವೃತ್ತಿಯಾಗಲಿ ಎಂದುಕೊಂಡೆ. ಆಮೇಲೆ ಮಗಳ ಬಾಣಂತನ ಮುಗಿಯಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ನಿಧಾನಕ್ಕೆ ಬರೆದರಾಯಿತು ಎಂದುಕೊಂಡೆ. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ತಡಮಾಡಲು ಬೇರೆ ನೆವ ಉಳಿದಿಲ್ಲ.

ನಾನು ಬೀದರ್ ಜಿಲ್ಲೆಯವನು. ಹತ್ತನೆಯ ತರಗತಿ ಪಾಸು ಮಾಡಿ, ಸೋದರಮಾವನ ಹಿಂದೆ ಸಂಭಾಜಿನಗರಕ್ಕೆ ಬಂದು, ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡೆಂಟ್ ಆದೆ. ನನ್ನ ಕೆಲಸವೆಲ್ಲ ಬಾಟಲಿಗಳದು. ಹಾವು, ಚೇಳು, ಕಪ್ಪೆ, ನಕ್ಷತ್ರಮೀನು ಎಲ್ಲವೂ ಫಾರ್ಮಲಿನ್‌ನಲ್ಲಿ ಮುಳುಗಿ ಗಾಜಿನ ಕಪಾಟಿನಲ್ಲಿ ಕೂತಿರುತ್ತಿದ್ದವು. ಫಾರ್ಮಲಿನ್ ಎಂದರೆ ಸತ್ತದ್ದನ್ನು ಕೊಳೆಯಗೊಡದ ಔಷಧಿ. ಮುಚ್ಚಳ ತೆಗೆದರೆ ಸಾಕು, ಕಣ್ಣು ಉರಿಯುತ್ತದೆ. ಬಾಟಲಿಯ ಮೇಲೆ ಲ್ಯಾಟಿನ್ ಹೆಸರಿನ ಚೀಟಿ ಬರೆದು ಅಂಟಿಸುವವನೂ ನಾನೇ. ಅರ್ಥ ತಿಳಿಯದಿದ್ದರೂ ನೂರಾರು ಹೆಸರು ಬಾಯಿಪಾಠವಾಗಿದ್ದವು.

ನಮ್ಮ ವಿಭಾಗದಲ್ಲಿ ಒಂದು ರೂಢಿ ಇತ್ತು. ಖಂಡೇನವಮಿಯ ದಿನ ಮೈಕ್ರೋಸ್ಕೋಪುಗಳಿಗೆ ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತಿದ್ದೆವು. ಅದಕ್ಕೆ ಮೊದಲು ಪ್ರತಿ ಬಾಟಲಿಯನ್ನೂ ಕಂಠದವರೆಗೆ ತುಂಬಬೇಕು. ಪೂಜೆಯ ದಿನ ಕಪಾಟಿನಲ್ಲಿ ಅರೆಖಾಲಿ ಬಾಟಲಿ ಕಾಣಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯ ಹೇಳಿದ್ದ. ಅವನಿಗೆ ಯಾರು ಹೇಳಿದ್ದರೋ.

ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ಸಂಶೋಧನೆ ಮಾಡಲು ಒಬ್ಬ ಹುಡುಗಿ ಬಂದಳು. ನಾಶಿಕದವಳು. ತಂದೆ ಕಲಬುರಗಿ ಕಡೆಯವರು, ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಬಂದು ನಾಶಿಕದಲ್ಲೇ ನೆಲೆಸಿದ್ದರು. ಹೊತ್ತದ ಬರ್ನರಿಗೆ ನಾನು ಕನ್ನಡದಲ್ಲಿ ಬೈಯುವುದನ್ನು ಕೇಳಿ, "ನೀವು ನಮ್ಮವರೇನ್ರಿ ಕಾಕಾ?" ಎಂದಳು. ಮರುದಿನದಿಂದ ನನ್ನ ಡಬ್ಬಿಯಲ್ಲಿ ಅವಳಿಗೆಂದು ಎರಡು ಜೋಳದ ರೊಟ್ಟಿ ಹೆಚ್ಚಿಗೆ ಬರತೊಡಗಿದವು.

ಅವಳ ವಿಷಯ ಸಮುದ್ರದಾಳದ ಹವಳ. ನಮ್ಮ ಊರಲ್ಲಿ ನಲ್ಲಿಯ ನೀರೇ ದಿನ ಬಿಟ್ಟು ದಿನ ಬರುತ್ತದೆ; ಅಂಥ ಊರಿಗೆ ಬೆಳಕೇ ಇಳಿಯದ ತಳದಿಂದ ಹವಳದ ಟೊಂಗೆಗಳು ಬಂದವು. ಅವಳಿಗೆ ಮಾರ್ಗದರ್ಶಕರಾಗಿದ್ದ ಸರ್ ಅವರ ಸ್ನೇಹಿತರೊಬ್ಬರು ಹಡಗಿನಲ್ಲಿ ಹೋಗಿ ತಂದ ತುಣುಕುಗಳು, ಹದಿನಾಲ್ಕು ಚಿಕ್ಕ ಬಾಟಲಿಗಳಲ್ಲಿ. ಕೆಲವು ನವಿಲುಗರಿಯಂತೆ, ಕೆಲವು ಬರಿ ಕಡ್ಡಿಯಂತೆ.

"ಇವೆರಡೂ ಒಂದ ಜಾತಿ ಅಲ್ಲೇನವಾ?" ಎಂದು ಒಮ್ಮೆ ಕೇಳಿದೆ.

"ನೋಡಾಕ ಒಂದೇ ಕಾಕಾ. ಆದ್ರ ಒಳಗ ಬೇರೆ ಇರಬಹುದು."

"ಮತ್ತ ಈ ದಪ್ಪಂದು, ಈ ತೆಳ್ಳಂದು?"

"ಅವು ಒಂದೇ ಇದ್ರೂ ಇರಬಹುದು. ನೀರಿನ ಹರಿವು ನೋಡಿ ಆಕಾರ ಬದಲಿ ಮಾಡ್ತಾವ. ಆಕಾರ ನಂಬಬ್ಯಾಡ್ರಿ."

"ಹಂಗಾದ್ರ ನಾ ಮೂವತ್ತ ವರ್ಷ ಹಚ್ಚಿದ ಚೀಟಿ ಎಲ್ಲಾ ಸುಳ್ಳು?"

"ಎಲ್ಲಾ ಅಲ್ರಿ. ಅರ್ಧಾ," ಎಂದು ನಕ್ಕಳು.

ಹಿಂದೆ ಹವಳದ ಜಾತಿ ಹೇಳುವುದಕ್ಕೆ ಅದರ ಟೊಂಗೆಯ ರೀತಿ, ಮಾಂಸದೊಳಗಿನ ಸುಣ್ಣದ ಸಣ್ಣ ಹರಳುಗಳ ಆಕಾರ ನೋಡುತ್ತಿದ್ದರು. ಅವಳು ಉಗುರಿನ ತುದಿಯಷ್ಟು ಚೂರು ಕತ್ತರಿಸಿ, ಅರೆದು, ಅದರೊಳಗಿನ ಡಿಎನ್ಎ ತೆಗೆಯುತ್ತಿದ್ದಳು. ಅದರ ಒಂದು ಭಾಗವನ್ನು ಯಂತ್ರದಲ್ಲಿ ಸಾವಿರಾರು ಪ್ರತಿ ಮಾಡಿ, ಹೊರಗೆ ಕಳಿಸಿ ಅಕ್ಷರ ಅಕ್ಷರವಾಗಿ ಓದಿಸಬೇಕು. ಆ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಹವಳ ಯಾವ ಬಳಗದ್ದು ಎಂದು ಗೊತ್ತಾಗುತ್ತದೆ. ಇದಕ್ಕೆ ತುಣುಕುಗಳು ಸ್ಪಿರಿಟ್‌ನಲ್ಲೇ ಇರಬೇಕು, ಫಾರ್ಮಲಿನ್ ತಾಗಿದರೆ ಡಿಎನ್ಎ ಕೆಡುತ್ತದೆ. ಇದನ್ನು ಅವಳು ನನಗೆ ಹೇಳಿದ್ದಳು. ನಾನು ಕೇಳಿಯೂ ಇದ್ದೆ.

ಎರಡನೆಯ ವರ್ಷದ ದಸರೆಗೆ ಅವಳು ನಾಶಿಕಕ್ಕೆ ಹೋಗಿದ್ದಳು. ಸರ್ ಕೂಡ ಊರಲ್ಲಿರಲಿಲ್ಲ. ನಾನು ಬಾಟಲಿ ತುಂಬುತ್ತಿದ್ದೆ, ಮಾವಶಿ ಕಪಾಟು ಒರೆಸುತ್ತಿದ್ದಳು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಕಸ ಗುಡಿಸುವ, ಗಾಜು ತೊಳೆಯುವ ಹೆಂಗಸರನ್ನೆಲ್ಲ ನಮ್ಮಲ್ಲಿ ಹಾಗೇ ಕರೆಯುತ್ತಾರೆ. ಈಕೆ ಗುತ್ತಿಗೆದಾರನ ಕಡೆಯವಳು, ವಾಳೂಜ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು.

ಹವಳದ ಬಾಟಲಿಗಳಲ್ಲಿ ಸ್ಪಿರಿಟ್ ಆರಿ ಒಂದು ಬೆರಳು ಕೆಳಗಿಳಿದಿತ್ತು. ಸ್ಪಿರಿಟ್ ಡಬ್ಬ ಸರ್ ಅವರ ಅಲಮಾರಿಯಲ್ಲಿ. ಯಾರಾದರೂ ಕುಡಿದಾರೆಂದು ಅದಕ್ಕೆ ಯಾವಾಗಲೂ ಬೀಗ. ನನ್ನ ಕೈಯಲ್ಲಿ ಫಾರ್ಮಲಿನ್ ಕ್ಯಾನ್ ಇತ್ತು.

ಮಾವಶಿ ಒರೆಸುವುದನ್ನು ನಿಲ್ಲಿಸಿ ಮರಾಠಿಯಲ್ಲಿ ಹೇಳಿದಳು: "ಅಣ್ಣಾ, ಅವು ಮೇಡಮ್ಮಂದು. ಅವರನ್ನ ಕೇಳಿ ಹಾಕು."

"ನೀನು ಒರೆಸುವುದನ್ನು ನೋಡಿಕೋ," ಎಂದೆ. ಮೇಲಿಂದ ಇಷ್ಟು ಹಾಕಿದರೆ ಏನಾದೀತು ಎಂದು ಹದಿನಾಲ್ಕನ್ನೂ ಕಂಠದವರೆಗೆ ತುಂಬಿದೆ. ಪೂಜೆಯ ದಿನ ಕಪಾಟು ತುಂಬಿ ತುಳುಕುತ್ತಿತ್ತು. ನನಗೆ ಸಮಾಧಾನವಾಗಿತ್ತು.

ರಜೆ ಮುಗಿದ ಮೇಲೆ ಹುಡುಗಿ ಮೂರು ವಾರ ಹೆಣಗಿದಳು. ಡಿಎನ್ಎ ಸಿಕ್ಕಿದ್ದರೆ ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ಬೆಳಗುವ ಗೆರೆಗಳು ಮೂಡಬೇಕು, ರಂಗೋಲಿಯ ಎಳೆಯಂತೆ. ಸಲಸಲಕ್ಕೂ ಕಪ್ಪು ಮಾತ್ರ. ಹಳೆಯ ರೀತಿಯಲ್ಲಾದರೂ ನೋಡೋಣವೆಂದು ಸುಣ್ಣದ ಹರಳು ತೆಗೆದರೆ, ಹಳೆಯ ಫಾರ್ಮಲಿನ್ನಿನ ಹುಳಿ ಅವನ್ನೂ ತಿಂದು ಅಂಚು ಸವೆಸಿತ್ತು. ಆ ಹದಿನಾಲ್ಕು ಬಾಟಲಿಗಳೇ ಅವಳ ಡಿಗ್ರಿ. ಬಾಟಲಿಗಳಿಗೆ ಫಾರ್ಮಲಿನ್ ಬಿದ್ದಿದೆ ಎಂಬುದು ಸರ್‌ಗೂ ತಿಳಿಯಿತು, ಯಾರಾದರೂ ಉತ್ತರ ಕೊಡಬೇಕಾಗಿತ್ತು.

ಸರ್ ನಮ್ಮನ್ನೆಲ್ಲ ಕೋಣೆಗೆ ಕರೆದರು. "ಕಪಾಟಿನ ಕೀಲಿ ಯಾರ ಹತ್ತಿರ?"

"ನನ್ನ ಹತ್ತಿರ ಸರ್. ಒರೆಸಲಿಕ್ಕೆ ಮಾವಶಿಗೆ ತೆಗೆದುಕೊಟ್ಟಿದ್ದೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಇಷ್ಟು ವರ್ಷ ನಾನು ಹಿಡಿದುಕೊಂಡದ್ದು ಅದನ್ನೇ.

"ಸಾಹೇಬ್, ನಾನು ಬರೇ ಬಟ್ಟೆಯಿಂದ ಒರೆಸಿದೆ," ಎಂದಳು ಮಾವಶಿ.

"ಒರೆಸಿದರೆ ಔಷಧಿ ಒಳಗೆ ಹೋಗುತ್ತದೇನು? ಯಾವುದೋ ಚೆಲ್ಲಿರಬೇಕು, ಕೈಗೆ ಸಿಕ್ಕಿದ್ದು ತುಂಬಿ ಇಟ್ಟಿರಬೇಕು."

ಆಕೆ ನನ್ನ ಕಡೆ ನೋಡಿದಳು. ಬೊಟ್ಟು ಮಾಡಿ ತೋರಿಸಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಕಾದಳೇನೋ. ನಾನು ಗೋಡೆಯ ಮೇಲಿನ ಮೀನಿನ ಚಿತ್ರ ನೋಡುತ್ತ ನಿಂತೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಹೊರಟುಹೋಗುವ ಮುಂಚೆ ಹೆಸರು ಕೆಡಬಾರದು ಎಂಬುದೊಂದೇ ತಲೆಯಲ್ಲಿತ್ತು. ನಾನು ಖಾಯಂ ನೌಕರ. ನಿಜ ಹೇಳಿದ್ದರೆ ಒಂದು ನೋಟೀಸಿನಲ್ಲಿ ಮುಗಿಯುತ್ತಿತ್ತು. ಆಕೆಗೆ ನೋಟೀಸೂ ಬೇಕಾಗಲಿಲ್ಲ. ಸೋಮವಾರ ಗುತ್ತಿಗೆದಾರ ಬೇರೆ ಹೆಂಗಸನ್ನು ಕಳಿಸಿದ. ಅವಳನ್ನೂ ಮಾವಶಿ ಎಂದೇ ಕರೆದೆವು.

ಹುಡುಗಿಗೆ ಮುಂದೆ ಇನ್ನೊಂದು ಹಡಗಿನಿಂದ ಹೊಸ ತುಣುಕುಗಳು ಸಿಕ್ಕವು. ತಡವಾದರೂ ಡಿಗ್ರಿ ಆಯಿತು, ನಾಶಿಕದ ಒಂದು ಕಾಲೇಜಿನಲ್ಲಿ ಕೆಲಸವೂ ಆಯಿತು. ನನ್ನ ಮಗಳೂ ನಾಶಿಕದಲ್ಲೇ ಇರುವವಳು. ನಿವೃತ್ತಿಯಾದ ನಾಲ್ಕನೆಯ ವರ್ಷ ಮಗಳ ಮನೆಗೆ ಹೋದಾಗ, ಒಂದು ಬೆಳಿಗ್ಗೆ ಧೈರ್ಯ ಮಾಡಿ ಆ ಕಾಲೇಜಿಗೆ ಹೋದೆ. ಹುಡುಗಿಯ ಮೇಜಿನ ಮೇಲೆ ಹವಳಗಳ ವಂಶದ ನಕ್ಷೆ ಇತ್ತು. ಒಂದೇ ಹೆಸರಿನ ಚೀಟಿ ಹಚ್ಚಿದ್ದ ಎರಡು ಹವಳಗಳು ದೂರದೂರದ ಟೊಂಗೆಗಳಲ್ಲಿ ಕೂತಿದ್ದವು.

ನಾನು ಕೂತವನೇ ಎಲ್ಲ ಹೇಳಿದೆ. ಕ್ಯಾನು, ಬೀಗ, ಪೂಜೆ, ಎಲ್ಲ. ತಪ್ಪಾಯಿತವಾ ಎಂದು ಕೈಮುಗಿದೆ.

ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. "ನನಗ ಗೊತ್ತಿತ್ತು ಕಾಕಾ. ಮುಚ್ಚಳ ತೆಗದ ಕೂಡಲೇ ಕಣ್ಣು ಉರೀತು. ಒಂದೇ ಬಾಟಲಿ ಅಲ್ಲ, ಹದಿನಾಲ್ಕೂ. ಕಂಠದ ಮಟ ಯಾರು ತುಂಬ್ತಾರ ಅಂತ ಗೊತ್ತಿರಲಿಲ್ಲೇನು ನನಗ?"

"ಮತ್ಯಾಕ ಸರ್‌ಗೆ ಹೇಳಲಿಲ್ಲ?"

"ದಿನಾ ನಿಮ್ಮ ರೊಟ್ಟಿ ತಿಂತಿದ್ದೆ." ನಕ್ಷೆಯನ್ನು ಬದಿಗೆ ಸರಿಸಿ ಕೇಳಿದಳು. "ಮಾವಶೀಗ ಹೇಳಿದ್ರೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ.

"ನಾನೂ ಹೇಳಲಿಲ್ಲ," ಎಂದಳು. ಆಮೇಲೆ ಇಬ್ಬರೂ ಚಹಾ ಕುಡಿದೆವು. ಚಹಾ ಆರಿತ್ತು.

ವಾಪಸು ಬರುವಾಗ ಬಸ್ಸು ಚಾಂದವಡ್‌ನಲ್ಲಿ ಈರುಳ್ಳಿ ಗಾಡಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತಿತು. ಅಲ್ಲೇ ನಿಶ್ಚಯ ಮಾಡಿದೆ. ಊರು ಮುಟ್ಟಿದ ಮರುದಿನ ಗುತ್ತಿಗೆದಾರನ ಕಚೇರಿಗೆ ಹೋದೆ.

"ಯಾವ ಮಾವಶಿ?" ಎಂದ ಅಲ್ಲಿಯ ಗುಮಾಸ್ತ. "ಇಲ್ಲಿ ಇರೋರೆಲ್ಲ ಮಾವಶಿಗಳೇ. ಹೆಸರು ಹೇಳ್ರಿ."

ನನಗೆ ಹೆಸರು ಗೊತ್ತಿರಲಿಲ್ಲ. ಆರು ವರ್ಷ ನನ್ನ ಗಾಜು ತೊಳೆದವಳ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ನಾಲ್ಕು ಭಾನುವಾರ ವಾಳೂಜ್‌ಗೆ ಹೋಗಿ ಕಾರ್ಖಾನೆಗಳ ಹಿಂದಿನ ಸಾಲುಮನೆಯ ಚಾಳುಗಳಲ್ಲಿ ವಿಚಾರಿಸಿದೆ. ಗಿಡ್ಡ ಹೆಂಗಸು, ಗೋಧಿ ಬಣ್ಣ, ಎಡ ಹೆಬ್ಬೆರಳಿಗೆ ಒಡೆದ ಬೀಕರಿನ ಗೀರು. ಅಂಥವರು ಬಹಳ ಇದ್ದಾರೆ ಎಂದರು. ಗುತ್ತಿಗೆ ಬದಲಾದಂತೆ ಮನೆಯೂ ಬದಲಾಗುತ್ತದೆ ಎಂದರು.

ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವವಳು ಆಕೆ: ಪ್ರಾಣಿಶಾಸ್ತ್ರ ವಿಭಾಗದ ಮಾವಶಿ, ಕೇಳಿ ಹಾಕು ಎಂದು ನನಗೆ ಹೇಳಿದವಳು.