ಟ್ರ್ಯಾಕ್ಟರಿನ ನಿಟ್ಟುಸಿರು

ಗಂಡನ ಮನೆಯ ಅಂಗಳದಲ್ಲಿ ಸೊಸೆಯಾದವಳು ಹಾಡಹಗಲು ಕಾಲು ಚಾಚಿ ಮಲಗಿದರೂ ಯಾರೂ ಏನೂ ಅನ್ನದ ಜಾಗ ಒಂದೇ ಒಂದಿದೆ: ಕೆಟ್ಟು ನಿಂತ ಟ್ರ್ಯಾಕ್ಟರಿನ ಕೆಳಗೆ. ಇದನ್ನು ಕಂಡುಹಿಡಿದು ಆರೇಳು ವರ್ಷವಾಯಿತು, ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಮುಂದಿನ ಗಾಲಿಗಳಿಗೆ ಎರಡು ಕಲ್ಲು ಕೊಟ್ಟು ಎತ್ತರಿಸಿ, ಹಳೆಯ ಜಮಖಾನವೊಂದನ್ನು ಹಾಸಿ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಅರ್ಧ ಮೈ ಒಳಗೆ ಸರಿಸಿದರೆ ಸಾಕು. ಓಣಿಯವರಿಗೆ ನನ್ನ ಕಾಲುಗಳಷ್ಟೇ ಕಾಣುತ್ತವೆ. 'ಅಕ್ಕೋರು ರಿಪೇರಿ ಮಾಡಾಕತ್ತಾರ' ಎಂದು ದನಿ ತಗ್ಗಿಸಿ ದಾಟಿ ಹೋಗುತ್ತಾರೆ. ಅಕ್ಕೋರು ಅಂದರೆ ನಾನೇ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

ನಿಜ ಹೇಳಬೇಕೆಂದರೆ ಅರ್ಧ ಹೊತ್ತು ನಾನು ಅಲ್ಲಿ ಏನೂ ಮಾಡುತ್ತಿರುವುದಿಲ್ಲ. ಮೇಲೆ ನೋಡುತ್ತ ಮಲಗಿರುತ್ತೇನೆ, ಅಷ್ಟೇ. ಟ್ರ್ಯಾಕ್ಟರಿನ ಹೊಟ್ಟೆಗೆ ಹೋದ ವರ್ಷದ ಕರಿ ಎರಿ ಮಣ್ಣು ಅಂಟಿ ಒಣಗಿರುತ್ತದೆ. ಅದರ ಬಿರುಕಿನಲ್ಲಿ ಎಂದೋ ಸಿಕ್ಕಿಕೊಂಡ ಜೋಳದ ಕಾಳೊಂದು ಬಿಳಿ ಮೊಳಕೆ ಒಡೆದು, ಬಿಸಿಲು ಯಾವ ದಿಕ್ಕಿಗಿದೆಯೋ ತಿಳಿಯದೆ ನನ್ನ ಮೂಗಿನ ಕಡೆಗೆ ಬಾಗಿರುತ್ತದೆ. ಬೇವಿನ ನೆರಳು ಸರಿದ ಹಾಗೆ ಬಿಸಿಲಿನ ಪಟ್ಟಿಯೊಂದು ಗಾಲಿಗಳ ನಡುವಿನಿಂದ ಹರಿದುಬಂದು ಮೊಣಕಾಲ ಮೇಲೆ ಕೂಡುತ್ತದೆ. ಅಂಥ ಹೊತ್ತಿನಲ್ಲಿ ನಟ್ಟು ಬಿಗಿಯುವುದು ಒಂದು ಒರಟುತನ ಅನಿಸುತ್ತದೆ.

ಟ್ರ್ಯಾಕ್ಟರ್ ಅಂದ ಕೂಡಲೇ ಕಬ್ಬಿನ ಟ್ರಾಲಿ ಎಳೆದುಕೊಂಡು ಹಾಡು ಹಚ್ಚಿ ಹೋಗುವ ದೈತ್ಯನನ್ನು ನೆನೆಯಬೇಡಿ. ನಮ್ಮದು ತೋಟದ ಟ್ರ್ಯಾಕ್ಟರು. ಒಂದು ಹೋರಿಗರುವಿನಷ್ಟು ಎತ್ತರ, ಒಂದೇ ಸಿಲಿಂಡರು, ಹಗ್ಗ ಸುತ್ತಿ ಎಳೆದರೆ ಎಚ್ಚರಾಗುವ ಪೆಟ್ರೋಲ್ ಎಂಜಿನ್ನು. ಒಂದು ಕಾಲಕ್ಕೆ ಧಾರವಾಡದ ಹಳೆಯ ಬಂಗಲೆಯೊಂದರಲ್ಲಿ ಹುಲ್ಲು ಕತ್ತರಿಸುವುದೇ ಇದರ ಕೆಲಸವಾಗಿತ್ತು. ನನ್ನ ಮಾವ ಹರೆಯದಲ್ಲಿ ಆ ಬಂಗಲೆಯ ಮಾಲಿ. ಬಂಗಲೆ ಕೆಡವುವಾಗ ಗುಜರಿಗೆ ಹೊರಟಿದ್ದ ಇದನ್ನು ಅವರು ನಮ್ಮೂರು ಕುಬಿಹಾಳಕ್ಕೆ ತಂದು ಎತ್ತಿನ ಕೊಟ್ಟಿಗೆಯಲ್ಲಿ ಕಟ್ಟಿದರು. 'ಕಟ್ಟಿದರು' ಅಂತಲೇ ನಮ್ಮ ಮನೆಯಲ್ಲಿ ಅನ್ನುವುದು. ಗುಲಾಬಿ ಗಿಡಗಳ ನಡುವೆ ಹುಲ್ಲಿನ ತುದಿಯನ್ನಷ್ಟೇ ಮುಟ್ಟುತ್ತ ಓಡಾಡಿದ ಜೀವ, ಮೊಣಕಾಲುದ್ದ ಬಿರುಕು ಬಿಡುವ ಎರಿ ಹೊಲಕ್ಕೆ ಬಂದು ಬಿತ್ತು. ನಮ್ಮ ಹೊಲ ಕಂಡ ಮೊದಲ ದಿನ ಅದಕ್ಕೆ ಏನನಿಸಿರಬಹುದೆಂದು ಯೋಚಿಸುತ್ತ ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ದೇವಿಕೊಪ್ಪದ ಕಾಡಿನ ಅಂಚಿನಿಂದ ಲಗ್ನವಾಗಿ ಈ ಮರವಿಲ್ಲದ ಕರಿ ಬಯಲಿಗೆ ಬಂದ ದಿನ ನನಗನಿಸಿದ್ದು ಚೆನ್ನಾಗಿ ನೆನಪಿದೆ. ಆದ್ದರಿಂದ ಅದರ ಕಡೆಗೆ ನನ್ನದೊಂದು ಪಕ್ಷಪಾತ.

ಮಾವ ಓದಿದವರಲ್ಲ. ನಾನೋ, ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ. ಕಳೆ ತೆಗೆಯಲು ಹೋದ ಹೊಲದ ಬದುವಿನಲ್ಲಿ ಕೂತು ಪಾಠ ಓದಿ ಪಾಸಾದವಳು. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಎಸ್ಸಿ. ಅಂತ ಅಚ್ಚಾಗದಿದ್ದರೆ ಅಕ್ಕಿಕಾಳು ಬೀಳುವ ಮುಹೂರ್ತಕ್ಕೇ ನಿಲ್ಲುವುದಿಲ್ಲ ಎಂದು ಹಟ ಹಿಡಿದವಳು. ಬಂದ ಮೊದಲ ವಾರವೇ ಮಾವ, ಹಾಳೆಗಳೆಲ್ಲ ಎಣ್ಣೆ ಹೀರಿ ಗಾಜಿನ ಹಾಗಾಗಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಎರಡೂ ಕೈಯಿಂದ ನನ್ನ ಮುಂದಿಟ್ಟು, ಇದರಾಗ ಏನ ಬರದಾರ ಓದಿ ಹೇಳವಾ ಅಂದರು. ಅದು ಟ್ರ್ಯಾಕ್ಟರಿನ ಜೊತೆ ಬಂದಿದ್ದ ಪುಸ್ತಕ. ನಾನು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದೆ, ಅವರು ಸಾಲುಸಾಲಾಗಿ ಬಿಚ್ಚಿ ತೋರಿಸಿದರು. ಕಾರ್ಬುರೇಟರಿಗೆ ಅವರು ಗಂಟಲು ಅನ್ನುತ್ತಿದ್ದರು, ಸೈಲೆನ್ಸರಿಗೆ ಮೂಗು. ನನ್ನ ಡಿಗ್ರಿ ಒಬ್ಬ ಮನುಷ್ಯನಿಗೆ ನೇರವಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮೂರು ವರ್ಷದ ಹಿಂದೆ ಮಾವ ತೀರಿಕೊಂಡರು. ಎತ್ತುಗಳು ಅದಕ್ಕೂ ಮೊದಲೇ ಹೋಗಿದ್ದವು. ನಮ್ಮ ಮನೆಯವರು ಬಸ್ಸಿನ ಕಂಡಕ್ಟರು, ಅವರ ಹೊಲ ಏನಿದ್ದರೂ ಹುಬ್ಬಳ್ಳಿ ರಸ್ತೆ. ಹೊಲವನ್ನು ನನಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟುಬಿಡಿ, ನಾನೇ ಮಾಡಿಕೊಂಡು ಹೋಗುತ್ತೇನೆ ಎಂದು ಮಾವನ ತಮ್ಮ, ಅಂದರೆ ನಮ್ಮ ಸಣ್ಣಮಾವ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಅತ್ತೆ, ನಾವು ಅತ್ತಿ ಅನ್ನುವವರು, ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರ್ಯಾಕ್ಟರ್ ಏರಿ ಕೂತರು.

ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಬಿತ್ತುವಾಗ ಕೂರಿಗಿಯ ಹಿಂದೆ ನಡೆದು ಕಾಳು ಬಿಡುತ್ತಾರೆ. ಉಡಿಯಲ್ಲಿ ಬೀಜ, ಬೆರಳ ಸಂದಿಯಲ್ಲಿ ಲೆಕ್ಕ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ನೇಗಿಲು, ಮೇಲ್ಮಣ್ಣು ಸಡಿಲಿಸಿ ಹರಗುವ ಕುಂಟಿ ಮಾತ್ರ ಮುಟ್ಟುವ ಹಾಗಿಲ್ಲ. ಯಾಕೆ ಅಂತ ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ. ನಲವತ್ತು ವರ್ಷ ಅತ್ತಿ ಕೂರಿಗಿಯ ಹಿಂದೆ ನಡೆದಿದ್ದರು. ಅವರು ಟ್ರ್ಯಾಕ್ಟರ್ ಏರಿದ ದಿನ ಊರಿನ ಹಿರಿಯರು ಹಳೆಯ ಕಟ್ಟಳೆಗಳನ್ನೆಲ್ಲ ಎಣಿಸಿ ನೋಡಿದರು. ತೋಟದ ಟ್ರ್ಯಾಕ್ಟರಿನ ಬಗ್ಗೆ ಹಿಂದಿನವರು ಏನೂ ಹೇಳಿಟ್ಟಿರಲಿಲ್ಲ. ಕುಂಟಿಯನ್ನು ಎಳೆಯುವುದು ಟ್ರ್ಯಾಕ್ಟರು, ಅತ್ತಿ ಮುಟ್ಟಿದ್ದು ಬರೀ ಸ್ಟೇರಿಂಗು. ಸಣ್ಣಮಾವ ಒಂದು ವಾರ ವಿಚಾರ ಮಾಡಿ, ಇದರಾಗ ತಪ್ಪು ಹುಡಕಾಕ ಬರೂದಿಲ್ಲ ಬಿಡು ಎಂದು ಕೈಬಿಟ್ಟರು.

ಅಂದಿನಿಂದ ಎರಡೂವರೆ ಎಕರೆ ಅತ್ತಿಯ ಕೈಯಲ್ಲಿದೆ. ಎತ್ತಿಗೆ ಸೋಮವಾರ ಬಿಡುವು ಕೊಡುವಂತೆ ಟ್ರ್ಯಾಕ್ಟರಿಗೂ ಕೊಡುತ್ತಾರೆ. ಬೀದಿಯಲ್ಲಿ ಹೋಗುವಾಗ ಅವರ ಬೆನ್ನು ಎಷ್ಟು ನೆಟ್ಟಗಿರುತ್ತದೆಂದರೆ, ಘಟಿಕೋತ್ಸವದ ದಿನ ನನ್ನದೂ ಅಷ್ಟು ನೆಟ್ಟಗಿರಲಿಲ್ಲ.

ಈ ಸಲ ಶಾಲೆಯ ದಸರೆ ಸೂಟಿಯಲ್ಲಿ ಟ್ರ್ಯಾಕ್ಟರು ಕೈಕೊಟ್ಟಿತು. ಹಿಂಗಾರಿ ಮಳೆ ನಿಂತು ಹೊಲ ಹದಕ್ಕೆ ಬಂದಿತ್ತು. ಎರಿ ಹೊಲದ ಹದವೆಂದರೆ ಐದಾರು ದಿನದ ಮಾತು. ಮೊದಲು ಹೋದರೆ ಕಾಲು ಕೀಳಲಾಗದ ಕೆಸರು, ತಡವಾದರೆ ಕಲ್ಲು. ಮಂಗಳವಾರ ಮುಂಜಾನೆ ಅತ್ತಿ ಹರಗಲು ಹೋದವರು ಎರಡು ಸುತ್ತು ಹಾಕುವಷ್ಟರಲ್ಲಿ ಎಂಜಿನ್ನು ತೊದಲಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಶುರು, ಹತ್ತು ನಿಮಿಷಕ್ಕೆ ಮತ್ತೆ ಬಂದ್. ದಬ್ಬಿಸಿಕೊಂಡು ಮನೆಗೆ ಬಂತು. ಸಂಜೆ ಸಣ್ಣಮಾವ ಬಂದು ಬಾಗಿಲಲ್ಲಿ ನಿಂತರು. ಅವರ ಎತ್ತುಗಳು ತಯಾರಿದ್ದವು. ಅತ್ತಿ ಅವರಿಗೆ ಚಹಾ ಕೊಟ್ಟು, ಶನಿವಾರ ಮುಂಜಾನಿ ತನಕಾ ನೋಡ್ತೀನಿ, ಆಗಲಿಲ್ಲಂದ್ರ ಹೊಲಾ ನಿಮ್ಮ ಲಾವಣಿಗೆ ಅಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಒಮ್ಮಿ ಕೊಟ್ಟ ಮ್ಯಾಲ ಹೊಲಾ ತಿರುಗಿ ಕೈಗೆ ಬರೂದಿಲ್ಲವಾ. ಕಟ್ಟಿ ಮ್ಯಾಲ ಸುಮ್ನ ಕೂಡೂದು ನನಗ ಗೊತ್ತಿಲ್ಲ. ಅಷ್ಟು ವಿದ್ಯಾ ಕಲತೀದಿ, ನೋಡು."

ಅಷ್ಟು ವಿದ್ಯೆ ಕಲಿತವಳು ನೋಡಲು ಶುರು ಮಾಡಿದೆ. ನಮ್ಮ ಹಳೆಯ ವೈದ್ಯರು ದೇಹದ ಎಲ್ಲ ಕಾಯಿಲೆಗಳನ್ನೂ ವಾತ, ಪಿತ್ತ, ಕಫ ಎಂದು ಮೂರು ಬುಟ್ಟಿಗೆ ಹಾಕಿದ್ದಾರೆ. ಎಂಜಿನ್ನಿಗೂ ಹಾಗೇ: ಎಣ್ಣೆ, ಕಿಡಿ, ಗಾಳಿ. ಈ ಮೂರರಲ್ಲಿ ಒಂದು ಕೆರಳಿರಬೇಕು, ಇಲ್ಲ ಮುನಿದಿರಬೇಕು. ಮಂಗಳವಾರ, ಬುಧವಾರ ಕಿಡಿ ನೋಡಿದೆ. ಪ್ಲಗ್ ಬಿಚ್ಚಿ ತಿಕ್ಕಿದೆ, ಹೊಸದು ಹಾಕಿದೆ. ಗುರುವಾರ ಗಂಟಲನ್ನೇ ಬಿಚ್ಚಿ ಜಮಖಾನದ ಮೇಲೆ ಹರಡಿದೆ. ಸಣ್ಣ ಹಿತ್ತಾಳೆಯ ತುಂಡುಗಳು ಬಿಸಿಲಿಗೆ ಒಡವೆಯಂತೆ ಹೊಳೆಯುತ್ತಿದ್ದವು. ತೊಳೆದು, ಊದಿ, ಕೂಡಿಸಿದೆ. ಪ್ರತಿ ಸಲವೂ ಹಗ್ಗ ಎಳೆದರೆ ಒಂದೇ ಪೆಟ್ಟಿಗೆ ಎದ್ದು, ಹತ್ತು ನಿಮಿಷ ಹಾಡಿದ ಹಾಗೆ ಓಡಿ, ಹನ್ನೊಂದನೆಯದಕ್ಕೆ ಸಾಯುತ್ತಿತ್ತು.

ಆಗೆಲ್ಲ ನಾನು ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟಾಕಿಯ ಮುಚ್ಚಳ ತಿರುಗಿಸಿ ನೋಡುತ್ತಿದ್ದೆ. ತಿರುಗಿಸಿದಾಗೊಮ್ಮೆ ಒಳಗಿಂದ 'ಸ್ಸ್...' ಎಂದು ಸಣ್ಣ ನಿಟ್ಟುಸಿರು. ಪಾಪ, ದಣಿದಿದೆ ಅಂದುಕೊಂಡೆ. ವಯಸ್ಸಾಯಿತು, ಹುಲ್ಲುಹಾಸು ನೆನಪಾಗಿರಬೇಕು, ಮಾವ ನೆನಪಾಗಿರಬೇಕು. ಮುಚ್ಚಳದ ಮೇಲೆ ಕೈಯಿಟ್ಟು, ನಿನಗೊಬ್ಬನಿಗೇ ಏನು ದಣಿವು ಅಂತ ಸಮಾಧಾನವನ್ನೂ ಮಾಡಿದೆ. ಕೆಳಗೆ ಮಲಗಿ ಬಹಳ ಹೊತ್ತು ಆ ಒಂದು ನಿಟ್ಟುಸಿರನ್ನೇ ಕುರಿತು ಯೋಚಿಸಿದೆ. ಎಂಟನೆಯ ತರಗತಿಗೆ ಪ್ರತಿ ವರ್ಷ ಗಾಳಿಯ ಒತ್ತಡದ ಪಾಠ ಮಾಡುವವಳು, ನೀರು ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ಬೋರಲು ಹಿಡಿದು ಮಕ್ಕಳನ್ನು ಬೆರಗುಗೊಳಿಸುವವಳು, ಮೂರು ದಿನ ಆ ಸದ್ದನ್ನು ಕವಿತೆಯಂತೆ ಕೇಳಿದೆನೇ ಹೊರತು ವಿಜ್ಞಾನದಂತೆ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತಿ ಕರಿಯಲು ಹೊಸ ಎಣ್ಣೆ ಡಬ್ಬಿ ಒಡೆಯುತ್ತಿದ್ದರು. ಮರುದಿನ ಸಣ್ಣಮಾವ ಬರುವವರು; ಹೊಲ ಕೊಡುವ ದಿನ ಕರಿಗಡಬು ಕೊಡದೆ ಕಳಿಸುವುದು ಅತ್ತಿಗೆ ಸರಿಯೆನಿಸಿರಲಿಲ್ಲ. ಡಬ್ಬಿಯ ಮೂಲೆಗೆ ಮೊಳೆ ಇಟ್ಟು ಹೊಡೆದರು. ಬಗ್ಗಿಸಿದರೆ ಎಣ್ಣೆ ಗುಳಕ್ ಎಂದು ಸ್ವಲ್ಪ ಬಿದ್ದು ನಿಂತಿತು. ಡಬ್ಬಿ ನೆಟ್ಟಗಿಟ್ಟು ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರು. ಈಗ ಎಣ್ಣೆ ಎಳೆಎಳೆಯಾಗಿ, ಸದ್ದಿಲ್ಲದೆ ಹರಿಯಿತು.

ಎರಡನೇ ತೂತು ಯಾಕ್ರಿ ಎಂದು ನಾನು ಕೇಳಿದೆನಂತೆ. ನನಗೆ ನೆನಪಿಲ್ಲ. ಅತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕೋರ, ಗಾಳಿ ಒಳಗ ಹೋಗದ ಎಣ್ಣಿ ಹೊರಗ ಹೆಂಗ ಬರ್ತೈತ್ರಿ? ಇಷ್ಟೂ ಕಲಿಸಿಲ್ಲೇನ ಕಾಲೇಜಿನ್ಯಾಗ?"

ಕಲಿಸಿದ್ದರು. ಎದ್ದು ಓಡಿದೆ. ಟಾಕಿಯ ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಒಂದು ತೂತು ಇರಲೇಬೇಕು, ಗಾಳಿ ಒಳಗೆ ಹೋಗಲು. ಇರಲಿಲ್ಲ. ಅದು ಇರಬೇಕಾದಲ್ಲಿ ಬೂದು ಬಣ್ಣದ ಗಟ್ಟಿ ಹೆಪ್ಪೊಂದು, ಗಾರೆಯ ಹಾಗೆ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ. ಮಾವ ತೀರಿಕೊಂಡಂದಿನಿಂದ ಅತ್ತಿ ಪ್ರತಿ ಸೋಮವಾರ ಟ್ರ್ಯಾಕ್ಟರಿನ ಮೈ ಒರೆಸಿ, ಮೂತಿಯ ಮೇಲೆ ಅಗದಿ ನಡುವೆ ಉಬ್ಬಿಕೊಂಡಿದ್ದ ಈ ದುಂಡನೆಯ ಮುಚ್ಚಳವನ್ನೇ ಹಣೆಯೆಂದು ತಿಳಿದು ಮೂರು ಬೆರಳು ಎಳೆಯುತ್ತ ಬಂದಿದ್ದರು. ಮೂರು ವರ್ಷದ ಸೋಮವಾರಗಳು ಎಣ್ಣೆ, ಮಂಜು, ಧೂಳಿನ ಜೊತೆ ಸೇರಿ ಆ ತೂತನ್ನು ಮುಚ್ಚಿದ್ದವು. ನಾನು ನಿಟ್ಟುಸಿರು ಬಿಡುತ್ತಿದೆ ಅಂದುಕೊಂಡಿದ್ದೆ. ಅದು ಮುಚ್ಚಳ ತೆರೆದಾಗೊಮ್ಮೆ, ಸಿಕ್ಕಷ್ಟು ಹೊತ್ತಿನಲ್ಲಿ, ಉಸಿರು ಎಳೆದುಕೊಳ್ಳುತ್ತಿತ್ತು. ಆಮೇಲೆ ಮಾವನ ಪುಸ್ತಕ ತೆರೆದರೆ, ಮುಚ್ಚಳದ ತೂತು ಸ್ವಚ್ಛವಾಗಿಡಿ ಎಂಬ ಸಾಲಿನ ಕೆಳಗೆ ನನ್ನದೇ ಪೆನ್ಸಿಲ್ ಗೆರೆ.

ಹೊಲಿಗೆ ಸೂಜಿ ತಂದು ತೂತು ಬಿಡಿಸಿದೆ. ಹಗ್ಗ ಎಳೆದೆ. ಹತ್ತು ನಿಮಿಷ ಓಡಿತು, ಹನ್ನೊಂದು, ಇಪ್ಪತ್ತು, ಒಂದು ತಾಸು. ಅತ್ತಿ ಹಿಟ್ಟಿನ ಕೈಯಲ್ಲೇ ಬಂದು ಕಂಬಕ್ಕೆ ಒರಗಿ ಕೇಳುತ್ತ ನಿಂತರು. ಏನಾಗಿತ್ತು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಗೆ ಹೇಳುವುದು? ಕಾರ್ಬುರೇಟರಿನಲ್ಲಿ ಕಸ ಇತ್ತು ಅಂದರೆ ಮುಗಿಯುತ್ತಿತ್ತು. ಆದರೆ ಆ ಸುಳ್ಳು ಬಾಯಿಂದ ಹೊರಡಲಿಲ್ಲ. ಹೇಳದೆ ಬಿಟ್ಟರೆ ಇನ್ನೊಂದು ಮೂರು ವರ್ಷಕ್ಕೆ ತೂತು ಮತ್ತೆ ಮುಚ್ಚುವುದು ಖಂಡಿತ.

ಶನಿವಾರ ಮುಂಜಾನೆ ಸಣ್ಣಮಾವ ಎತ್ತು ಹೊಡೆದುಕೊಂಡು ಹೊಲಕ್ಕೆ ಬರುವಷ್ಟರಲ್ಲಿ ಅತ್ತಿ ಅರ್ಧ ಎಕರೆ ಹರಗಿದ್ದರು. ಕರಿ ಮಣ್ಣು ಕುಂಟಿಯ ಹಿಂದೆ ಮೆತ್ತಗೆ ಹೊರಳುತ್ತಿತ್ತು, ಬೆಳ್ಳಕ್ಕಿಗಳು ಸಾಲುಗಟ್ಟಿ ಹಿಂಬಾಲಿಸಿದ್ದವು. ಸಣ್ಣಮಾವ ಬದುವಿನ ಮೇಲೆ ನಿಂತು ನೋಡಿದರು. ಅವರ ಮುಖದಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ಹೇಳಲಾರೆ, ಎರಡೂ ಇದ್ದವೇನೋ. ಅತ್ತಿ ಬದುವಿನ ಹತ್ತಿರ ತಿರುಗಿಸುವಾಗ, ಏನಾಗಿತ್ತು ವೈನಿ ಅದಕ್ಕ ಎಂದು ಸಣ್ಣಮಾವ ಅಣ್ಣನ ಹೆಂಡತಿಯನ್ನು ಕೂಗಿ ಕೇಳಿದರು. ಬುತ್ತಿ ತಂದು ಅಲ್ಲೇ ನಿಂತಿದ್ದ ನಾನು ಗಂಟಲು ಸರಿಮಾಡಿಕೊಂಡು, ಟಾಕಿಯೊಳಗೆ ಗಾಳಿಯ ಒತ್ತಡ ಕಡಿಮೆಯಾಗಿ ಅಂತ ಶುರು ಮಾಡಿದೆ. ಅತ್ತಿ ಎಂಜಿನ್ನಿನ ಸದ್ದು ತಗ್ಗಿಸಿದರು. "ಈಬೂತಿ ಹಚ್ಚಿ ಹಚ್ಚಿ ನಾನ ಅದರ ಉಸಿರ ಕಟ್ಟಿಸಿದ್ದೆ. ಮುಚ್ಚಳ ಕೆರದಿದ್ದು ಕಂಡೀನಿ ನಾ. ಈಕಿ ಬಾಯಿ ಬಿಡವೊಲ್ಲಳು." ಅಷ್ಟು ಹೇಳಿ ಮುಂದಿನ ಸಾಲಿಗೆ ಹೊರಟರು. ಸಣ್ಣಮಾವ ನಗಲಿಲ್ಲ. ನಮ್ಮಣ್ಣ ಇದ್ದಿದ್ರ ಅವನೂ ಅಲ್ಲೇ ಹಚ್ಚತಿದ್ದ ಬಿಡ್ರಿ ಎಂದು, ಎರಡು ಕರಿಗಡಬು ತಿಂದು, ಎತ್ತು ತಿರುಗಿಸಿಕೊಂಡು ಹೋದರು.

ರವಿವಾರಕ್ಕೆ ಎರಡೂವರೆ ಎಕರೆಯೂ ಮುಗಿಯಿತು. ಸೋಮವಾರ ಮುಂಜಾನೆ ಅತ್ತಿ ಮೈ ತೊಳೆದುಕೊಂಡು, ಬೆರಳಿಗೆ ವಿಭೂತಿ ಬಳಿದುಕೊಂಡು ನನ್ನನ್ನು ಟ್ರ್ಯಾಕ್ಟರಿನ ಮುಂದೆ ಕರೆದರು.

"ಹಣಿ ಎಲ್ಲೈತಿ ತೋರಿಸು."

ಜಾಣತನ ತೋರಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿರಲಿಲ್ಲ. ಮುಂದಿನ ಜಾಲರಿ ತೋರಿಸಲು ಹೋದೆ. ಆದರೆ ಅದರಿಂದಲೇ ಎಂಜಿನ್ನು ತಂಪಾಗಬೇಕು, ಅದನ್ನೂ ಮುಚ್ಚುವಂತಿಲ್ಲ. ಮಡ್‌ಗಾರ್ಡ್ ಅಂದೆ; ಅದು ಹೆಗಲು, ಹಣಿ ಅಲ್ಲ ಅಂದರು. ದೀಪ ಕಣ್ಣಾಯಿತು, ಸ್ಟೇರಿಂಗು ಕೊಂಬಾಯಿತು. ಯಂತ್ರದ ಸುತ್ತ ಎರಡು ಪ್ರದಕ್ಷಿಣೆ ಬಂದೆ. ಉಸಿರಾಡುವ ವಸ್ತುವಿನ ಮೈಮೇಲೆ ಭಕ್ತಿಗೆ ಸುರಕ್ಷಿತವಾದ ಜಾಗ ಹುಡುಕುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಅತ್ತಿ ಬೆರಳು ಮೇಲೆತ್ತಿ ಹಿಡಿದು ಕಾದರು, ವಿಭೂತಿ ಒಣಗುತ್ತ ಬಂತು. ಕೊನೆಗೆ ತಾಳ್ಮೆ ಕೆಟ್ಟು, ನನ್ನ ಗದ್ದ ಹಿಡಿದು ತಿರುಗಿಸಿ, ಆ ಮೂರೂ ಬೆರಳನ್ನು ನನ್ನ ಹಣೆಯ ಮೇಲೆ ಎಳೆದರು. ಎಳೆದಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಉಸಿರಾಡಾಕ ಬರ್ತೈತಿಲ್ಲೋ?"

ಬರುತ್ತದೆ ಅಂದೆ.