ಚೈನ್ ಮಷಿನ್ ಕಾಕಾನ ಕಿವಿ

ಅವರ ಬಲಗಿವಿಯ ಹಿಂದಿನ ಎಲುಬಿನ ಮೇಲೆ ಎಂಟಾಣೆಯಗಲದ ಒಂದು ಕಪ್ಪು ಮಚ್ಚೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಎಣ್ಣೆಯ ಜಿಡ್ಡು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಷಿನ್ನಿಗೆ ಊರಿ, ಅದರ ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡು, ಕಣ್ಣು ಮುಚ್ಚಿ ಅವರು ಒಳಗಿನ ಸದ್ದನ್ನು ಆಲಿಸುತ್ತಿದ್ದರು. ಸೋಮವಾರ ಜಳಕ ಮಾಡಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದ ದಿನವೂ ಆ ಮಚ್ಚೆ ಮಾತ್ರ ಹಾಗೇ ಉಳಿದಿರುತ್ತಿತ್ತು.

ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ರಸ್ತೆಯಲ್ಲಿ ನನ್ನದು ಹೊಲಿಗೆ ಅಂಗಡಿ. ಪಕ್ಕದ್ದು ಅವರದು, ಮರ ಕೊಯ್ಯುವ ಚೈನ್ ಮಷಿನ್‌ಗಳನ್ನು ರಿಪೇರಿ ಮಾಡುವ ಅಂಗಡಿ. ನಡುವೆ ಒಂದೇ ತಗಡಿನ ಗೋಡೆ. ಗಂಡನ ಮನೆ ಬಿಟ್ಟು ಬಂದ ಮೇಲೆ ಅಣ್ಣ ನನಗೆ ಆ ಅಂಗಡಿ ಹಾಕಿಕೊಟ್ಟಿದ್ದ. ಹೆಂಗಸರು ಬಂದು ಅಳತೆಯ ಕುಬಸ ಕೊಡುವರು, ಯಾವಾಗ ಆಗುತ್ತದೆಂದು ಕೇಳುವರು, ಉಳಿದ ಮಾತನ್ನು ರಸ್ತೆಗೆ ಇಳಿದ ಮೇಲೆ ತಮ್ಮತಮ್ಮಲ್ಲೇ ಆಡಿಕೊಳ್ಳುವರು. ಇಡೀ ದಿನ ನಾನು ಆಡುತ್ತಿದ್ದ ಮಾತೆಂದರೆ "ಗುರುವಾರ ಬರ್ರಿ" ಎಂಬುದೊಂದೇ.

ಚೈನ್ ಮಷಿನ್ ಒಮ್ಮೆಲೇ ಶುರುವಾದರೆ ನಾನು ಬೆಚ್ಚಿಬೀಳುತ್ತಿದ್ದೆ. ಕಾಲು ಜೋರಾಗಿ ಒತ್ತಿ, ಹೊಲಿಗೆ ಅಡ್ಡ ಹೋಗುತ್ತಿತ್ತು. ಒಂದು ದಿನ ಸೊಟ್ಟಗಾದ ತೋಳನ್ನು ಹಿಡಿದುಕೊಂಡೇ ಜಗಳಕ್ಕೆ ಹೋದೆ. ಅವರು ಬೈಯಲಿಲ್ಲ. ತೋಳನ್ನು ಬೆಳಕಿಗೆ ಹಿಡಿದು ನೋಡಿ, "ಇದು ನನ್ ತಪ್ಪೇ ಅದ ಯವ್ವಾ" ಎಂದರು. ಮರುದಿನದಿಂದ ಮಷಿನ್ ಚಾಲೂ ಮಾಡುವ ಮೊದಲು ನಟ್ಟು ಬಿಚ್ಚುವ ಪಾನಾದಿಂದ ತಗಡಿಗೆ ಒಂದು ಏಟು ಹಾಕುತ್ತಿದ್ದರು. ನಾನು ಕಾಲು ಎತ್ತಿಕೊಳ್ಳುತ್ತಿದ್ದೆ. ಹಾಗೆ ನಮ್ಮ ನಡುವೆ ಬಳಕೆ ಬೆಳೆಯಿತು. ನಾನು ಅವರನ್ನು ಕಾಕಾ ಎಂದೆ. ಅವರು ನನ್ನನ್ನು ಯವ್ವಾ ಎಂದೇ ಕರೆದರು.

ಅವರು ಮಾನ್ವಿಯವರು. ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ವಯಸ್ಸೆಲ್ಲ ಫಿಟರ್ ಆಗಿ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಅಕ್ಕನ ಮನೆಯಲ್ಲಿ ಕೆಲಕಾಲ ಇದ್ದು ಇಲ್ಲಿಗೆ ಬಂದಿದ್ದರು. ಅಂಗಡಿಯ ಹಿಂದಿನ ಖೋಲಿಯಲ್ಲೇ ಒಲೆ, ಹಾಸಿಗೆ ಎಲ್ಲ. ಊರು ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಎಲ್ರೂ ಗುರ್ತಿನವ್ರ ಯವ್ವಾ. ಗುರ್ತಿನವ್ರು ಭಾಳ ಮಾತಾಡ್ತಾರ" ಎಂದಿದ್ದರು. ಆ ಮಾತಿನ ಅರ್ಥ ನನಗೆ ಆಗ ಆಗಿರಲಿಲ್ಲ.

ಜಾಲಿ ಕಡಿದು ಇದ್ದಿಲು ಸುಡುವವರು, ಹೊಲದ ಬದುವಿನ ಬೇವು ಬೀಳಿಸುವವರು ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ ಅಗ್ಗದ ಮಷಿನ್‌ಗಳನ್ನು ಅವರಲ್ಲಿಗೆ ತರುತ್ತಿದ್ದರು. ಹೊಸದಾಗಿದ್ದರೂ ಅವು ದಪ್ಪ ಕಟ್ಟಿಗೆಯೊಳಗೆ ಹೋದರೆ ಏದುಸಿರು ಬಿಟ್ಟು ನಿಲ್ಲುತ್ತಿದ್ದವು. ಕಾಕಾ ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ಸಣ್ಣ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುತ್ತಿದ್ದರು. "ಮೂಗು ಮುಚ್ಚಿ ಕಳಿಸ್ಯಾರ ನೋಡು. ಉಸಿರು ಬಿಡಾಕ ಬರ್ಲಿಲ್ಲಂದ್ರ ಅದಾದ್ರೂ ಹೆಂಗ ದುಡೀತದ?" ಎನ್ನುತ್ತಿದ್ದರು. ಸಿಲಿಂಡರಿನ ಬಾಯಲ್ಲಿ ಉಳಿದ ಒರಟು ಅಂಚನ್ನು ಉಸುಕಿನ ಕಾಗದದಿಂದ ನಯ ಮಾಡುವರು. ಚೈನಿನ ಹಲ್ಲುಗಳನ್ನು ಒಂದೊಂದಾಗಿ ಸಾಣೆ ಹಿಡಿಯುವರು. ಕೊನೆಗೆ ಪೆಟ್ರೋಲಿನ ಸ್ಕ್ರೂ. ಹೊಗೆಯ ದಾರಿ ಅಗಲವಾದರೆ ಪೆಟ್ರೋಲೂ ಹೆಚ್ಚು ಬೇಕು. ಅದು ಕಡಿಮೆಯಾದರೆ ಅದರಲ್ಲಿ ಬೆರೆತ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಎಷ್ಟು ತಿರುಗಿಸಬೇಕೆಂದು ಹೇಳುವುದು ಸದ್ದೊಂದೇ. "ಗಾಳಿಯಾಗ ಹಿಡಿದಾಗ ಸ್ವಲ್ಪ ತೊದಲ್ಬೇಕು, ಕಟಿಗಿಯೊಳಗ ಹೋದಾಗ ಹಾಡ್ಬೇಕು. ಗಾಳಿಯಾಗನ ಹಾಡ್ತಂದ್ರ ಅದರ ಆಯುಷ್ಯ ಮುಗೀತು."

ಊರಿನಲ್ಲಿ ಅವರಿಗೆ ಸೊಕ್ಕಿನವರೆಂದು ಹೆಸರು. ಕರೆದರೆ ಓಗೊಡುವುದಿಲ್ಲ, ಫೋನ್ ಎತ್ತುವುದಿಲ್ಲ, ಚಹಾದಂಗಡಿಯಲ್ಲಿ ಕೂತರೂ ಯಾರೊಂದಿಗೂ ಬೆರೆಯುವುದಿಲ್ಲ. ಬರಬರುತ್ತ ಜನ ಕರೆಯುವುದನ್ನೇ ಬಿಟ್ಟರು. ಮಷಿನ್ ಇಟ್ಟು ಕೈಸನ್ನೆ ಮಾಡಿ ಹೋಗುವರು. ಅವರ ಅಂಗಡಿಯಲ್ಲಿ ಮಷಿನ್ ಗದ್ದಲ ನಿಂತರೆ ಮನುಷ್ಯರ ದನಿ ಇರುತ್ತಲೇ ಇರಲಿಲ್ಲ. ನನ್ನ ಅಂಗಡಿಯಲ್ಲೂ ಅಷ್ಟೇ. ತಗಡಿನ ಎರಡೂ ಬದಿ ನಾವಿಬ್ಬರು ಹಾಗೇ ದಿನ ಕಳೆಯುತ್ತಿದ್ದೆವು.

ಒಂದು ಬೇಸಿಗೆಯ ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ತಗಡಿನ ಚಾವಣಿಯ ಮೇಲೆ ಲಾರಿ ಜಲ್ಲಿ ಸುರುವಿದಂಥ ಸದ್ದು. ರಸ್ತೆಯಲ್ಲಿದ್ದವರೆಲ್ಲ ಕೂಗುತ್ತ ಓಡಿದರು. ನಾನೂ ಒಬ್ಬಳೇ ಇರಲಾರದೆ ಕಾಕಾನ ಅಂಗಡಿಗೆ ನುಗ್ಗಿದೆ. ಅವರು ಬಾಗಿಲಿಗೆ ಬೆನ್ನು ಹಾಕಿ ಕೂತು ಚೈನಿನ ಹಲ್ಲು ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. ಅರ ಆಡಿಸುವ ಗತಿ ಎಂದಿನಂತೆಯೇ ನಿಧಾನ, ಒಂದೇ ಸಮ. ಒಂದು ಆಲಿಕಲ್ಲು ಪುಟಿದು ಒಳಗೆ ಉರುಳಿ ಅವರ ಪಾದಕ್ಕೆ ತಗುಲಿತು. ಆಗ ಅವರು ಅದನ್ನು ಎತ್ತಿಕೊಂಡು, ಹೊರಗೆ ನೋಡಿ, "ಅರೆ, ಮಳಿ!" ಎಂದರು. ನಾನು ಬಾಗಿಲಲ್ಲಿ ನಿಂತದ್ದು ಕಂಡಿತು. ನನಗೆ ಗೊತ್ತಾಯಿತೆಂಬುದು ಅವರಿಗೂ ಗೊತ್ತಾಯಿತು. ಆಲಿಕಲ್ಲನ್ನು ಹೊರಗೆಸೆದು ಅವರು ಮತ್ತೆ ಅರ ಹಿಡಿದರು.

ಆಮೇಲೆ ನಾನು ಗಮನಿಸತೊಡಗಿದೆ. ಅವರು ಮಾತು ಕೇಳುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದೆ ಒತ್ತಿದರೂ ಸಾಲದಾಗಿ, ಈಗ ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಎಲುಬಿನ ಮೂಲಕವಾದರೂ ಸದ್ದು ತಲೆಗೆ ಬರಲೆಂದು. ನೋಡಿದವರು ನಗುತ್ತಿದ್ದರು.

ಅದೂ ಕೈಕೊಟ್ಟಿತು. ಜಾಲಹಳ್ಳಿಯಾಚೆಯಿಂದ ಇದ್ದಿಲು ಸುಡುವ ಗಂಡಹೆಂಡತಿ ಬಂದರು. ತಮ್ಮ ಮಷಿನ್ನನ್ನು ಅವರ ಮುಂದೆ ಇಟ್ಟು, ಹೆಂಡತಿಯೇ ಮಾತಾಡಿದಳು: "ಯಪ್ಪಾ, ನೀ ರಿಪೇರಿ ಮಾಡಿಕೊಟ್ಟ ಮಷಿನ್ ಒಂದ್ ಗಿಡ ಪೂರಾ ಕಡೀಲಿಲ್ಲ, ಹಿಡಕೊಂಡುಬಿಡ್ತು. ಕೂಲಿಯವ್ರು ಹಂಗೇ ಕುಂತಾರ, ನಾವೇನ್ ಮಾಡೋದು?"

ಕಾಕಾ ಬಿಚ್ಚಿ ನೋಡಿದರು. ಪಿಸ್ಟನ್ನಿನ ಮೈಮೇಲೆ ಉದ್ದಕ್ಕೂ ಬೆಕ್ಕು ಪರಚಿದಂಥ ಗೀರು. ಪೆಟ್ರೋಲು ಸಾಲದೆ ಒಣಗಿ ಓಡಿತ್ತು. ಗೀರಿನ ಮೇಲೆ ಹೆಬ್ಬೆರಳು ಆಡಿಸುತ್ತ ಬಹಳ ಹೊತ್ತು ಕೂತರು. ತಮ್ಮಲ್ಲಿದ್ದ ಬೇರೆ ಮಷಿನ್ನನ್ನು ಅವರ ಕೈಗಿಟ್ಟು, "ಇದನ್ನ ಒಯ್ಯವ್ವಾ, ಕೆಲಸ ನಿಲ್ಲೂದು ಬ್ಯಾಡ" ಎಂದು ಕಳಿಸಿದರು. ನಂತರ ಕೆಲವು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಿಂದಿನ ಖೋಲಿಯಲ್ಲಿ ಒಲೆಯ ಹೊಗೆ ಕಂಡಾಗಷ್ಟೇ ನನಗೆ ಸಮಾಧಾನವಾಗುತ್ತಿತ್ತು.

ಒಂದು ಬೆಳಿಗ್ಗೆ ತಾವೇ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು.

"ನನಗ ಕೇಳ್ಸಂಗಿಲ್ಲ ಯವ್ವಾ," ಎಂದರು. "ಗಿರಣಿಯಾಗಿದ್ದಾಗನ ಅರ್ಧ ಹೋಗಿತ್ತು. ಉಳಿದದ್ದು ಈ ಮಷಿನ್ ತಿಂದ್ವು. ಮಾನ್ವ್ಯಾಗ ಕಿವುಡ ಕಿವುಡ ಅಂತಿದ್ರು. ಇಲ್ಲಿ ಯಾರಿಗೂ ಗೊತ್ತಿಲ್ಲಂತ ಇದ್ದೆ. ಇನ್ನ ಅಂಗಡಿ ಮುಚ್ತೀನಿ."

ಮುಚ್ಚಿದರೆ ಅವರು ಎಲ್ಲಿಗೆ ಹೋಗುತ್ತಾರೆ? ಆ ತಗಡಿನ ಆಚೆ ಯಾರೂ ಇಲ್ಲದ ದಿನಗಳು ನನಗೆ ಕಣ್ಣಮುಂದೆ ಬಂದವು. ಅವರಿಗೆ ತುಟಿ ಕಾಣುವಂತೆ ಮುಖ ಎತ್ತಿ ನಿಧಾನಕ್ಕೆ ಹೇಳಿದೆ: "ನನಗ ಕೇಳಸ್ತದಲ್ಲ ಕಾಕಾ. ನಾ ಹೇಳ್ತೀನಿ, ನೀವು ತಿರುವ್ರಿ."

ಅವರು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗುವುದನ್ನು ನಿಲ್ಲಿಸಿದರು.

ನನಗೆ ಕಲಿಸಲು ಅವರು ಬಹಳ ಕಷ್ಟಪಟ್ಟರು. ತಮಗೇ ಕೇಳದ ಸದ್ದನ್ನು ಬಾಯಿಂದ ಮಾಡಿ ತೋರಿಸುವರು. ಸರಿಯಾದ ತೊದಲು ಹೇಗೆ, ತಪ್ಪು ಹಾಡು ಹೇಗೆ. ಆ ವಯಸ್ಸಿನ ಮನುಷ್ಯ ಗಲ್ಲ ಉಬ್ಬಿಸಿ ಬುರುಬುರು ಅನ್ನುವಾಗ ಗಿರಾಕಿಗಳು ನಿಂತು ನೋಡುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ನನ್ನನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. "ನಂದು ಹೋತು, ನಿಂದು ಹೋಗೂದು ಬ್ಯಾಡ" ಎನ್ನುತ್ತಿದ್ದರು. ನಾನು ಕೈ ಮೇಲೆ ಮಾಡಿದರೆ ಪೆಟ್ರೋಲು ಹೆಚ್ಚಿಸಬೇಕು, ಕೆಳಗೆ ಮಾಡಿದರೆ ಕಡಿಮೆ, ಅಂಗೈ ತೋರಿಸಿದರೆ ಸಾಕು. ನಾವು ಮೊದಲು ಸರಿಮಾಡಿದ್ದು ಇದ್ದಿಲಿನವರ ಮಷಿನ್ನೇ. ಹೊಸ ಪಿಸ್ಟನ್ ಹಾಕಿ, ಬೇವಿನ ತುಂಡೊಂದನ್ನು ಕೊಯ್ದು ನೋಡಿದಾಗ ಅದು ಸುಲಭವಾಗಿ ಇಳಿಯಿತು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಂಗೈ ತೋರಿಸಿದೆ. ಅವರು ಕಣ್ಣೊರೆಸಿಕೊಂಡು, ಮರದ ಪುಡಿ ಬಿತ್ತೆಂದರು.

ಅಣ್ಣ ಬಂದು ಗೊಣಗಿದ. "ಮಂದಿ ನಗಾಕತ್ಯಾರ. ಹೆಣ್ಮಗಳು ಅಂಥಾ ಮಷಿನ್ ಮುಂದ ಕುಂದ್ರೂದು ಛಲೋ ಕಾಣಂಗಿಲ್ಲ."

"ಇಷ್ಟ್ ದಿನ ಒಬ್ಬಾಕೀನ ಕುಂತಿದ್ದೆ. ಅದು ಛಲೋ ಕಾಣ್ತಿತ್ತೇನು?" ಎಂದೆ.

ರಾಯಚೂರಿಗೆ ಬಿಡಿಭಾಗ ತರಲು ಹೋಗುವಾಗ ಕಾಕಾನನ್ನು ಒತ್ತಾಯ ಮಾಡಿ ಕಿವಿ ತೋರಿಸಲೂ ಕರೆದೊಯ್ದೆ. ದವಾಖಾನೆಯಲ್ಲಿ ಕಿವಿಗೆ ಹಾಕುವ ಸಣ್ಣ ಯಂತ್ರ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ನಾನು ರೂಢಿಯಂತೆ ದನಿ ಎತ್ತಿ, "ಊಟ ಮಾಡ್ರಿ ಕಾಕಾ" ಎಂದೆ. ಅವರು ಬೆಚ್ಚಿದರು. ಮೆಲ್ಲಗೆ ಇನ್ನೊಮ್ಮೆ ಹೇಳೆಂದರು. ಹೇಳಿದೆ.

"ನಿನ್ ದನಿ ಇಷ್ಟು ಸಣ್ಣದ ಏನವ್ವಾ?" ಎಂದರು. "ಇಷ್ಟ್ ವರ್ಷ ನಿನ್ನ ದೊಡ್ ದನಿಯಾಕಿ ಅಂದ್ಕೊಂಡಿದ್ದೆ."

ಯಾರೂ ನನ್ನ ದನಿಯ ಬಗ್ಗೆ ಏನೂ ಹೇಳಿದ್ದಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಹತ್ತಿಯ ಹೊಲಗಳನ್ನು ನೋಡುತ್ತ ಕೂತೆ. ಅವರಿಗೆ ಆ ಯಂತ್ರವನ್ನು ಅಂಗಡಿಯಲ್ಲಿ ಹಾಕಿಕೊಳ್ಳಲಾಗಲಿಲ್ಲ. ಮಷಿನ್ ಚಾಲೂ ಆದರೆ ತಲೆ ಸೀಳಿದಂತಾಗುತ್ತದೆ ಎನ್ನುತ್ತಿದ್ದರು. ಸಂಜೆ ಬಾಗಿಲು ಹಾಕುವ ಮುಂಚೆ ಮಾತ್ರ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, "ಏನರೆ ಮಾತಾಡು" ಎನ್ನುತ್ತಿದ್ದರು. ನಾನು ಮಾತಾಡುತ್ತಿದ್ದೆ. ಗಂಡನ ಮನೆಯಲ್ಲಿ ನಡೆದದ್ದನ್ನು, ಅಮ್ಮನಿಗೂ ಹೇಳದ್ದನ್ನು, ಅವರಿಗೆ ಹೇಳಿದೆ. ಅವರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಷ್ಟು ಕೇಳಿಸಿತೋ, ಎಷ್ಟು ತುಟಿಯಿಂದ ತಿಳಿಯಿತೋ. ಆದರೆ ಕೂತಿರುತ್ತಿದ್ದರು.

ಹೋದ ವರ್ಷ ತಮ್ಮ ಅಕ್ಕನ ಮೊಮ್ಮಗನ ಮದುವೆಗೆಂದು ಮಾನ್ವಿಗೆ ಹೋದವರು ಅಲ್ಲಿಯೇ ಎದೆನೋವಿನಿಂದ ತೀರಿಕೊಂಡರು. ನನಗೆ ಯಾರೂ ತಿಳಿಸಲಿಲ್ಲ. ತಿಳಿಸಬೇಕೆಂದು ಯಾರಿಗೆ ತೋಚೀತು? ಸಾಮಾನು ಒಯ್ಯಲು ಟೆಂಪೋ ತಂದ ಸಂಬಂಧಿಕರ ಹುಡುಗರು ಹೇಳಿದಾಗಲೇ ಗೊತ್ತಾದದ್ದು. ಅವರು ತುಂಬಿಕೊಂಡು ಹೋದ ಮೇಲೆ ಪಕ್ಕದ ಅಂಗಡಿಯಲ್ಲಿ ಗುಡಿಸದ ಮರದ ಪುಡಿಯಷ್ಟೇ ಉಳಿಯಿತು. ಹಿಡಿದಿದ್ದ ಕುಬಸವನ್ನು ಅರ್ಧಕ್ಕೇ ಇಟ್ಟು, ಮಾನ್ವಿಯ ಬಸ್ಸು ಹತ್ತಿದೆ.

ಆ ಮನೆಯ ಪಡಸಾಲೆಯಲ್ಲಿ ಕಾಕಾನ ಮುದುಕಿ ಅಕ್ಕ ಒಬ್ಬಳೇ ಕೂತಿದ್ದಳು. ಹಣೆ, ಮೂಗು ಎಲ್ಲ ಕಾಕಾನದೇ.

"ನೀ ಅವಗ ಏನಾಗ್ಬೇಕವ್ವಾ?"

"ಬಾಜು ಅಂಗಡಿಯಾಕಿರಿ."

ಅವಳು ಒಪ್ಪಿಕೊಂಡಂತೆ ತಲೆಯಾಡಿಸಿದಳು. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ಮುದುಕಿ ಕೇಳಿದಳು: "ನಾವು ಒದರಿ ಒದರಿ ಸಾಕಾಗಿ ಅವನ ಜೋಡಿ ಮಾತ ಬಿಟ್ಟಿದ್ವಿ. ನೀ ಹೆಂಗ ಮಾತಾಡ್ತಿದ್ದಿ?"

"ಎದುರಿಗೆ ಕುಂತು ಮಾತಾಡ್ತಿದ್ದೆರಿ. ನಿಧಾನಕ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ಒಳಗಿನವರು ಯಾರಾದರೂ ಇದ್ದಾರೇನೋ ಎಂದು. ನಂತರ ತಗ್ಗಿದ ದನಿಯಲ್ಲಿ ಹೇಳಿದಳು: "ನನಗೂ ಈಗೀಗ ಸರಿ ಕೇಳ್ಸಂಗಿಲ್ಲವ್ವಾ. ಯಾರಿಗೂ ಹೇಳಿಲ್ಲ. ಸ್ವಲ್ಪ ಮುಂದ ಬಂದು ಕುಂದ್ರು. ನಮ್ ತಮ್ಮ ನಿನ್ ಮುಂದ ಏನೇನ್ ಮಾತಾಡ್ತಿದ್ದ, ಹೇಳು."

ನಾನು ಚಹಾದ ಲೋಟ ಕೆಳಗಿಟ್ಟು, ಅವಳಿಗೆ ನನ್ನ ಮುಖ ಸರಿಯಾಗಿ ಕಾಣುವಷ್ಟು ಹತ್ತಿರ ಸರಿದು ಕೂತು, ಮೊದಲಿನಿಂದ ಹೇಳತೊಡಗಿದೆ.